ಆಟ ಶುರು ಮಾಡಿಸುತ್ತಿದ್ದ ಅಣ್ಣ

ಅಣ್ಣನ ಎದೆಯ ಮೇಲೆ, ಎರಡು ತೋಳುಗಳ ಒಳಮೈಯಲ್ಲಿ, ಚರ್ಮ ಚರ್ಮದ ಹಾಗಿರಲಿಲ್ಲ. ತೆಂಗಿನ ಮರವನ್ನು ತಬ್ಬಿ ತಬ್ಬಿ ಹತ್ತಿದ ಕಡೆಯೆಲ್ಲ ಕಪ್ಪಾಗಿ, ದಪ್ಪವಾಗಿ, ಮರದ ತೊಗಟೆಯನ್ನೇ ಹೋಲುತ್ತಿತ್ತು. ಹತ್ತುವುದು ನಿಂತು ವರ್ಷಗಳಾಗಿದ್ದರೂ ಆ ಗುರುತು ಹೋಗಿರಲಿಲ್ಲ. ಸೊಂಟದಿಂದ ಕೆಳಗೆ ಮಾತ್ರ ಬೇರೆ ಯಾರದೋ ಮೈ. ಹೊದಿಕೆಯ ಅಡಿಯಲ್ಲಿ ಕಾಲುಗಳಿವೆ ಎಂದು ತಿಳಿಯಬೇಕಾದರೆ ಮಂಚದ ತುದಿಯಲ್ಲಿ, ಪಾದದ ಬಳಿ, ಬಟ್ಟೆ ಕೊಂಚ ಎದ್ದಿರುವುದನ್ನು ಹುಡುಕಿ ನೋಡಬೇಕಿತ್ತು. ಎದೆಯ ಮೇಲೆ ಒಂದು ಓರೆ ಹಲಗೆ, ಹಲಗೆಯ ಮೇಲೆ ಹಳೆಯ ಲ್ಯಾಪ್‌ಟಾಪ್. ಬೆರಳುಗಳು ಅದರ ಮೇಲೆ ಓಡುವುದಕ್ಕಿಂತ ಹೆಚ್ಚಾಗಿ ಕುಟ್ಟುತ್ತಿದ್ದವು.

ಆದರೆ ಇದನ್ನೆಲ್ಲ ನಾನು ನೋಡಿದ್ದು ಆಮೇಲೆ. ಮೊದಲು ಅವರು ನನಗೆ ಬರೀ ಒಂದು ದನಿ.

ನಾನು ತರೀಕೆರೆಯಲ್ಲಿ ಹುಟ್ಟಿ ಅಜ್ಜಂಪುರಕ್ಕೆ ಸೊಸೆಯಾಗಿ ಬಂದವಳು. ಬಸ್ ಸ್ಟ್ಯಾಂಡಿನ ಹತ್ತಿರ ಪಹಣಿ ತೆಗೆದುಕೊಡುವ, ಅರ್ಜಿ ತುಂಬಿಕೊಡುವ ಸಣ್ಣ ಅಂಗಡಿ ನನ್ನದು. ಯಜಮಾನರು ಮೊದಲು ಕಡೂರಿನಿಂದ ಕಾಯಿ ಲೋಡು ಹೊಡೆಯುವ ಲಾರಿ ಓಡಿಸುತ್ತಿದ್ದರು, ಆಮೇಲೆ ಏಸಿ ರಿಪೇರಿ ಕಲಿತು ಮಸ್ಕತ್ತಿಗೆ ಹೋದರು. ಅಲ್ಲಿಂದ ಇಂಟರ್‌ನೆಟ್ ಕರೆಗಳು ಸರಿಯಾಗಿ ಹತ್ತುತ್ತಿರಲಿಲ್ಲ, ಮಾಮೂಲಿ ಫೋನು ದುಬಾರಿ. ಮೆಸೇಜು ಬರೆಯುವುದು ಅವರಿಗೆ ಒಗ್ಗದು. ನಾನು ಪುಟಗಟ್ಟಲೆ ಬರೆದರೂ ‘ಹೂಂ’, ‘ಸರಿ’ ಎಂದು ಎರಡಕ್ಷರ ಬರುತ್ತಿತ್ತು. ಅವರ ರೂಮಿನ ಗೆಳೆಯನೊಬ್ಬ ಒಂದು ಲಾರಿ ಆಟ ತೋರಿಸಿಕೊಟ್ಟ. ಇಬ್ಬರು ಎಲ್ಲೇ ಕೂತಿದ್ದರೂ ಒಂದೇ ರಸ್ತೆಯಲ್ಲಿ ಹಿಂದೆ ಮುಂದೆ ಲಾರಿ ಓಡಿಸಬಹುದು, ಓಡಿಸುತ್ತ ಮಾತಾಡಬಹುದು. ಶುಕ್ರವಾರ ಅವರಿಗೆ ರಜ. ಮಧ್ಯಾಹ್ನದ ನಮಾಜು, ಊಟ ಎಲ್ಲ ಮುಗಿದ ಮೇಲೆ ನಾನು ಅಂಗಡಿಯ ಬಾಗಿಲು ಎಳೆದುಕೊಂಡು ಕಂಪ್ಯೂಟರಿನ ಮುಂದೆ ಕೂರುತ್ತಿದ್ದೆ. ಯಾವುದೋ ಕಾಣದ ದೇಶದ ರಸ್ತೆಗಳಲ್ಲಿ ನಮ್ಮ ಎರಡು ಲಾರಿಗಳು ಹೋಗುತ್ತಿದ್ದವು.

ಆ ವರ್ಷ ನಮ್ಮ ಮೊದಲ ಮಗು ಹೊಟ್ಟೆಯಲ್ಲೇ ಹೋಯಿತು. ಅವರು ಬರಲಾಗಲಿಲ್ಲ. ಆಮೇಲೆ ಫೋನಿನಲ್ಲಿ ಏನು ಮಾತಾಡಬೇಕೆಂದು ಇಬ್ಬರಿಗೂ ತಿಳಿಯದಾಯಿತು. ಲಾರಿಯಲ್ಲಿದ್ದಾಗ ಮಾತ್ರ, ಕಣ್ಣು ರಸ್ತೆಯ ಮೇಲಿರುವುದರಿಂದಲೋ ಏನೋ, ಒಂದೊಂದು ಮಾತು ಹೊರಗೆ ಬರುತ್ತಿತ್ತು.

ಅಂಥ ಹೊತ್ತಿನಲ್ಲಿ ಆಟ ನಿಂತುಹೋಯಿತು. ನನ್ನದು ಹಳೆಯ ಕಂಪ್ಯೂಟರ್. ವಿಂಡೋಸ್ ಹಾಕಿದರೆ ತೆವಳುತ್ತದೆಂದು ಅಂಗಡಿ ಶುರುವಿನಲ್ಲೇ ಅದರ ಬದಲು ಹಗುರವಾದ ಲಿನಕ್ಸ್ ಹಾಕಿಸಿದ್ದೆ. ಒಂದು ಗುರುವಾರ ಅದು ಅಪ್‌ಡೇಟ್ ಕೇಳಿತು, ಒತ್ತಿದೆ. ಶುಕ್ರವಾರ ಆಟದ ಚಿತ್ರದ ಮೇಲೆ ಒತ್ತಿದರೆ ಗುಂಡಗೆ ಒಂದು ಸುತ್ತು ತಿರುಗಿ ಮಾಯ. ಒಂದು ಮಾತಿಲ್ಲ, ಕತೆಯಿಲ್ಲ. ಪೂರ್ತಿ ತೆಗೆದು ಮತ್ತೆ ಹಾಕಿದೆ. ಅದೇ ಪಾಡು. ಮುಂದಿನ ಶುಕ್ರವಾರವೂ ಹಾಗೇ ಆಯಿತು. ಅವರಿಂದ ಮೆಸೇಜು ಬಂತು, ಆ ಸಲ ಎರಡಕ್ಷರಕ್ಕಿಂತ ಉದ್ದ: ‘ಆಟ ಹಾಳಾಗಿದೆಯೋ, ನಿನಗೇ ನನ್ನ ಜೊತೆ ಮಾತು ಬೇಡವೋ?’

ಪಹಣಿಗೆ ಬಂದಿದ್ದ ಬುಕ್ಕಾಂಬುಧಿಯ ರೈತರೊಬ್ಬರು ನನ್ನ ಮುಖ ನೋಡಿ ಏನೆಂದು ಕೇಳಿದರು. ಹೇಳಿದೆ. “ನಮ್ಮೂರಲ್ಲೊಬ್ಬ ಅವ್ನೆ ಕಣಮ್ಮ. ಇದೇ ಕೆಲ್ಸ ಅವನ್ದು, ಎಲ್ಲೆಲ್ಲಿಂದ್ಲೋ ಫೋನ್ ಮಾಡ್ತಾರೆ,” ಎಂದು ನಂಬರು ಕೊಟ್ಟರು.

ಫೋನ್ ಎತ್ತಿದ ಕೂಡಲೇ ನಾನು ಶುರುಮಾಡಿದೆ. “ಅಣ್ಣ, ನಮಸ್ಕಾರ. ನಮ್ಮ ಯಜಮಾನ್ರು ಮಸ್ಕತ್ತಲ್ಲಿದಾರೆ, ನಾವಿಬ್ರೂ ಶುಕ್ರವಾರ—”

“ಕಥೆ ಬ್ಯಾಡ ಕಣಮ್ಮ. ಲಾಗ್ ಕಳ್ಸು.”

“ಲಾಗ್ ಅಂದ್ರೆ?”

“ಆಟ ಯಾಕ್ ಬಿದ್ದೋಯ್ತು ಅಂತ ಕಂಪ್ಯೂಟ್ರೇ ಬರ್ಕಂಡಿರ್ತದೆ. ನೀನ್ ಹೇಳೋದು ನಿನ್ ಕಥೆ. ಅದೇನ್ ಹೇಳ್ತದೆ, ಅದು ಬೇಕು ನಂಗೆ.”

ಕಪ್ಪು ಕಿಟಕಿಯೊಂದನ್ನು ತೆರೆಸಿದರು. ಅದರಲ್ಲಿ ಒಂದೊಂದೇ ಇಂಗ್ಲಿಷ್ ಅಕ್ಷರ ಹೇಳಿ ಟೈಪ್ ಮಾಡಿಸಿ, ಆಟವನ್ನು ಅಲ್ಲಿಂದಲೇ ಶುರು ಮಾಡಿಸಿದರು. ಬಿಳಿಯ ಸಾಲುಗಳು ಒಂದರ ಮೇಲೊಂದು ಸುರಿದವು.

“ಓದು.”

“ಕೊನೇ ಸಾಲಾ ಅಣ್ಣ?”

“ಕೊನೇದು ಬಿದ್ದಿದ್ದು. ಮೊದ್ಲು ಎಲ್ಲಿ ಎಡವ್ತು, ಅದನ್ನ ಓದು.”

ನಾನು ತಡವರಿಸುತ್ತ ಓದಿದೆ. ಎಸ್ಸೆಸ್ಸೆಲ್ಸಿ ದಾಟದ ಆ ಮನುಷ್ಯ ಇಂಗ್ಲಿಷ್ ಸಾಲುಗಳನ್ನು ತಮ್ಮದೇ ಉಚ್ಚಾರದಲ್ಲಿ ಬಾಯೊಳಗೇ ತಿರುಗಿಸಿಕೊಳ್ಳುತ್ತಿದ್ದುದು ಕೇಳಿಸಿತು. ತೆರೆಯ ಮೇಲೆ ಚಿತ್ರ ಮೂಡಿಸುವ ಡ್ರೈವರ್ ಹೊಸದಾಗಿ ಬಂದಿತ್ತು, ಆಟಕ್ಕೆ ಬೇಕಾದ ಅದರ ಇನ್ನೊಂದು ಭಾಗ ಮಾತ್ರ ಹಳೆಯದೇ ಉಳಿದಿತ್ತು. “ಜೋಡೆತ್ತಲ್ಲಿ ಒಂದನ್ನ ಬದ್ಲಾಯಿಸವ್ರೆ, ನೊಗ ಎಳೀತಿಲ್ಲ,” ಎಂದರು. ಇನ್ನೊಂದು ಸಾಲು ಟೈಪ್ ಮಾಡಿಸಿ, ಕಂಪ್ಯೂಟರ್ ಆರಿಸಿ ಹಚ್ಚಲು ಹೇಳಿದರು.

“ಈಗ ಒತ್ತು. ಫೋನ್ ಸ್ಪೀಕರ್ ಹತ್ರ ಹಿಡಿ.”

ತೆರೆ ಕಪ್ಪಾಯಿತು. ಆಮೇಲೆ ಲಾರಿಯ ಎಂಜಿನ್ ಗುರ್ರೆಂದು ಎದ್ದಿತು. “ಅಣ್ಣ, ಬಂತು! ಅಣ್ಣ!” ಎಂದು ಕೂಗಿದೆ. ಆ ಕಡೆ ಫೋನ್ ಆಗಲೇ ಕಟ್ಟಾಗಿತ್ತು.

ಆ ಶುಕ್ರವಾರ ಯಜಮಾನರು ಬಹಳ ದೂರ ಲಾರಿ ಓಡಿಸಿದರು. ಆಮೇಲೆ ನಾವು ಮನೆಯಲ್ಲಾಡುವ ದಖನಿ ಉರ್ದುವಿನಲ್ಲಿ ಮೆಲ್ಲಗೆ ಕೇಳಿದರು, ಆಸ್ಪತ್ರೆಯಲ್ಲಿ ಆ ದಿನ ನಿನ್ನ ಕೈ ಹಿಡಿದುಕೊಳ್ಳಲು ಯಾರಿದ್ದರು ಎಂದು. ಯಾರೂ ಇರಲಿಲ್ಲ ಎಂದೆ. ಕಣ್ಣು ಮಂಜಾಗಿ ನನ್ನ ಲಾರಿ ಹೋಗಿ ಕಂಬಕ್ಕೆ ಗುದ್ದಿತು. ಅವರು ತಮ್ಮ ಲಾರಿ ನಿಲ್ಲಿಸಿ, ಹಿಂದಕ್ಕೆ ಬಂದು, ನನ್ನ ಪಕ್ಕದಲ್ಲೇ ನಿಂತರು. ಹಾಗೆ ಎಷ್ಟು ಹೊತ್ತು ನಿಂತಿದ್ದೆವೋ.

ಕೃತಜ್ಞತೆ ಹೇಳಲು ಮಸ್ಕತ್ತಿನ ಖರ್ಜೂರ ಕಟ್ಟಿಕೊಂಡು ಬುಕ್ಕಾಂಬುಧಿಯ ಬಸ್ಸು ಹತ್ತಿದೆ. ಯಾವುದೋ ಅಂಗಡಿ ಇರಬಹುದು, ಕುರ್ಚಿಯ ಮೇಲೆ ಕೂತ ಒಬ್ಬ ಮನುಷ್ಯ ಇರಬಹುದು ಎಂದುಕೊಂಡಿದ್ದೆ. ಕೆರೆ ಏರಿಯಿಂದ ಸ್ವಲ್ಪ ಒಳಗೆ ಒಂದು ಹೆಂಚಿನ ಮನೆ. ಬಾಗಿಲಲ್ಲಿದ್ದ ಅವರ ಅಕ್ಕ, ಗಂಡನನ್ನು ಕಳೆದುಕೊಂಡು ತಮ್ಮನ ಜೊತೆಗೇ ಉಳಿದ ಹೆಂಗಸು, ನನ್ನನ್ನು ಒಳಗೆ ಕರೆದೊಯ್ದರು. ಮಂಚದ ಅಂಚಿಗೆ ಹೋಗಿ ಖರ್ಜೂರದ ಪೊಟ್ಟಣ ಇಟ್ಟೆ.

“ಇದ್ಕೆ ಇಷ್ಟು ದೂರ ಬಂದ್ಯಾ?” ಎಂದು ಅಣ್ಣ ಗದರಿದರು. ಆದರೆ ಖರ್ಜೂರ ಒಂದಾದ ಮೇಲೊಂದು ತಿಂದರು.

ಕಡೂರಿನ ಕಡೆಯ ತೋಟವೊಂದರಲ್ಲಿ ಕಾಯಿ ಕೆಡವುವಾಗ ಬಿದ್ದದ್ದು. ಬೆನ್ನುಮೂಳೆ ಮುರಿದಿತ್ತು. ಅದನ್ನು ಅವರು ಒಂದೇ ಸಾಲಿನಲ್ಲಿ ಮುಗಿಸಿದರು: “ನಾನು ಗರಿ ಹಿಡ್ದೆ, ಗರಿ ನನ್ನ ಹಿಡೀಲಿಲ್ಲ.” ಮಲಗಿದವರಿಗೆ ಹೊತ್ತು ಹೋಗಲೆಂದು ಸಂಬಂಧಿಕರೊಬ್ಬರು ಬೇಡವಾದ ಲ್ಯಾಪ್‌ಟಾಪ್ ಕೊಟ್ಟಿದ್ದರು. ಅದರಲ್ಲಿದ್ದ ಕ್ರಿಕೆಟ್ ಆಟ ತೆರೆಯಲೊಲ್ಲದು. ಅದನ್ನು ತೆರೆಸುವುದರಲ್ಲೇ ಒಂದು ಮಳೆಗಾಲ ಹೋಯಿತಂತೆ. “ಆಟ ಬಂದ್ಮೇಲೆ ನೋಡ್ತೀನಿ, ಕ್ರಿಕೆಟ್ಟೇ ಬ್ಯಾಸ್ರ,” ಎಂದು ನಕ್ಕರು. ನಿಜಕ್ಕೂ ಅವರು ಯಾವ ಆಟವನ್ನೂ ಆಡುತ್ತಿರಲಿಲ್ಲ. ಇನ್ನೊಬ್ಬರ ಆಟ ಶುರುವಾಗುವ ಸದ್ದು ಕಿವಿಗೆ ಬಿದ್ದರೆ ಅವರ ಕೆಲಸ ಮುಗಿಯಿತು. ನನ್ನದು ಎಂಜಿನ್, ಇನ್ನೊಬ್ಬರದು ಡೋಲು, ಮತ್ತೊಬ್ಬರದು ಗುಂಡಿನ ಸದ್ದು. ಕೇಳಿದ ಮೇಲೆ ಒಂದು ಕ್ಷಣವೂ ಫೋನಿನಲ್ಲಿ ನಿಲ್ಲುವವರಲ್ಲ.

ಸಿಡುಕು ಬಹಳ. ‘ನೀವು ಹೇಳಿದ್ದೆಲ್ಲ ಮಾಡಿದೆ’ ಎಂದು ಸುಳ್ಳು ಹೇಳಿದವರ ನಂಬರನ್ನು ಮತ್ತೆ ಎತ್ತುತ್ತಿರಲಿಲ್ಲ. ನನ್ನನ್ನು ಮಾತ್ರ ಬರಬರುತ್ತ ‘ತಂಗಿ’ ಎಂದು ಕರೆಯತೊಡಗಿದರು. ಸಾಲು ಓದುವುದನ್ನು, ಎಡವಿದ ಜಾಗ ಹುಡುಕುವುದನ್ನು ಕಲಿಸಿದರು. ನಮ್ಮ ಲಾರಿಗಳಲ್ಲಿ ಏನು ನಡೆಯುತ್ತದೆ, ಆ ಆಟ ನನಗೆ ಯಾಕೆ ಅಷ್ಟು ಬೇಕಾಗಿತ್ತು ಎಂದು ಅವರು ಒಂದು ದಿನವೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಒಂದು ಆಷಾಢದಲ್ಲಿ ಅವರ ದನಿ ಬದಲಾಯಿತು. ಮಾತಿನ ನಡುವೆ ನಿಲ್ಲುತ್ತಿದ್ದರು, ಹೇಳಿದ್ದನ್ನೇ ಹೇಳುತ್ತಿದ್ದರು. ಕೇಳಿದರೆ, “ಥಂಡಿ ಕಣಮ್ಮ, ಗಾಳಿ ಜಾಸ್ತಿ.” ನನಗೆ ಸಮಾಧಾನವಾಗದೆ ಹೊರಟೆ. ಮನೆಯ ಹೊಸ್ತಿಲಲ್ಲೇ ಒಂದು ವಾಸನೆ ಬಡಿಯಿತು, ಊದುಬತ್ತಿ ಹಚ್ಚಿದ್ದರೂ ಅಡಗದ ವಾಸನೆ. ಅಕ್ಕ ಹೊರಗೇ ತಡೆದು ಪಿಸುಗುಟ್ಟಿದರು: “ಮಗ್ಗಲು ತಿರುಗ್ಸಕ್ಕೇ ಬಿಡಲ್ಲ ಕಣಮ್ಮ. ಬೆನ್ನು ನೋಡ್ತೀನಿ ಅಂದ್ರೆ ಹೊಡೆಯಕ್ಕೆ ಬತ್ತಾನೆ. ರಾತ್ರಿಯೆಲ್ಲ ಮೈ ಕಾಯ್ತದೆ.”

ಒಳಗೆ ಅಣ್ಣನ ತುಟಿ ಒಣಗಿತ್ತು, ಕಣ್ಣು ಕೆಂಪಾಗಿತ್ತು. ಹಲಗೆಯ ಮೇಲೆ ಬೆರಳು ಕುಟ್ಟುತ್ತಲೇ ಇತ್ತು.

“ಬೆನ್ನಿಗೇನಾಗಿದೆ ಅಣ್ಣ?”

“ಏನಿಲ್ಲ. ಸೆಕೆಗೆ ಗುಳ್ಳೆ ಎದ್ದಿದಾವೆ.”

ಹೊರಗೆ ಜಡಿಮಳೆ ಹಿಡಿದಿತ್ತು. ಸೆಕೆಯೆಲ್ಲಿ ಬಂತು? ನನಗೆ ಎಲ್ಲಿಂದ ಧೈರ್ಯ ಬಂತೋ. “ಅಣ್ಣ, ಇದು ಕಥೆ. ನಂಗೆ ಲಾಗ್ ಬೇಕು,” ಎಂದೆ.

ಅವರು ನನ್ನನ್ನು ನೋಡಿದ ರೀತಿ ಈಗಲೂ ಕಣ್ಣಿಗೆ ಕಟ್ಟಿದೆ. ಬೈಯುತ್ತಾರೆಂದುಕೊಂಡೆ. ಹಲಗೆಯನ್ನು ಪಕ್ಕಕ್ಕೆ ಸರಿಸಿ ಗೋಡೆಯ ಕಡೆ ಮುಖ ಮಾಡಿದರು. ಆಮೇಲೆ ಅಕ್ಕನಿಗೆ ಅಂದರು, “ತಿರುಗ್ಸು.”

ಮಲಗಿ ಮಲಗಿಯೇ ಆದ, ಸೊಂಟದ ಕೆಳಗಿನ ಹುಣ್ಣು ಅಂಗೈ ಅಗಲವಾಗಿತ್ತು. ಅದರ ಆಳದಲ್ಲಿ ಬಿಳಿಯದೇನೋ ಕಂಡಿತು. ಮೂಳೆ ಎಂದು ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಅಕ್ಕ ಸೆರಗು ಬಾಯಿಗೊತ್ತಿಕೊಂಡು ಗೋಡೆಗೆ ಒರಗಿದರು. ನಾನು ಅಂಗಳಕ್ಕೆ ಓಡಿ ಆಂಬುಲೆನ್ಸಿಗೆ ಫೋನ್ ಮಾಡಿದೆ.

“ಯಾರ್ ಹೇಳಿದ್ರು ನಿಂಗೆ?” ಒಳಗಿಂದ ಕೂಗುತ್ತಿದ್ದರು. “ನೋಡ್ತೀನಿ ಅಂದೆ, ತೋರ್ಸ್ದೆ. ಕರ್ಕಂಡ್ ಹೋಗು ಅಂದ್ನಾ? ಹೋದ್ಸಲ ಆಸ್ಪತ್ರೆಗೆ ಹೋಗಿ ಕಾಲು ಬಿಟ್ಟು ಬಂದೆ. ಈ ಸಲ ಏನ್ ಬಿಟ್ಟು ಬರ್ಲಿ?”

ಸ್ಟ್ರೆಚರ್ ಮೇಲೆ ಹೊರುವಾಗ ನನ್ನ ಕಡೆ ನೋಡಲಿಲ್ಲ. ತರೀಕೆರೆಯಿಂದ ಶಿವಮೊಗ್ಗಕ್ಕೆ ಕಳಿಸಿದರು. ಅಲ್ಲಿ ಬಹಳ ದಿನ ಇಟ್ಟುಕೊಂಡರು, ಜೀವ ಉಳಿಯಿತು. ಆದರೆ ಮನೆಗೆ ಬಂದ ಮೇಲೂ ಹುಣ್ಣು ಮಾಯುವವರೆಗೆ ಹೊಟ್ಟೆಯ ಮೇಲೆ, ಮಗ್ಗುಲಿಗೆ ಮಲಗಬೇಕು, ಹಲಗೆ ಇಡುವಂತಿಲ್ಲ. ಎಲ್ಲೆಲ್ಲಿಂದಲೋ ಬರುವ ಫೋನುಗಳು ಬಡಿದುಕೊಂಡು ಬಡಿದುಕೊಂಡು ನಿಲ್ಲುತ್ತಿದ್ದವಂತೆ. ಅವರು ಆ ಫೋನನ್ನು ನೋಡುತ್ತ ಮಲಗಿರುತ್ತಿದ್ದರಂತೆ. ನನ್ನ ಕರೆಯನ್ನಂತೂ ಎತ್ತಲೇ ಇಲ್ಲ. “ನಿನ್ನ ಮಾತೆತ್ತಿದ್ರೆ ಕಣ್ ಮುಚ್ಕತಾನೆ ಕಣಮ್ಮ,” ಎಂದರು ಅಕ್ಕ. “ಬರ್ಬೇಡ ಈಗ.”

ಉಳಿಸಿದೆನೆಂದು ಊರವರು ನನ್ನನ್ನು ಹೊಗಳುತ್ತಿದ್ದರು. ನನಗೆ ಮಾತ್ರ, ಇದ್ದ ಒಂದು ಕೆಲಸವನ್ನೂ ಅವರ ಎದೆಯ ಮೇಲಿನಿಂದ ಎತ್ತಿಟ್ಟವಳು ನಾನೇ ಅನ್ನಿಸುತ್ತಿತ್ತು. ಯಾವುದು ಸರಿ ಎಂದು ಇವತ್ತಿಗೂ ಬಗೆಹರಿದಿಲ್ಲ.

ಚಳಿಗಾಲದಲ್ಲಿ ಇನ್ನೊಂದು ಅಪ್‌ಡೇಟ್ ಬಂದು ನನ್ನ ಆಟ ಮತ್ತೆ ಬಿತ್ತು. ಅವರು ಕಲಿಸಿದ್ದನ್ನೆಲ್ಲ ಮಾಡಿದೆ. ಎಡವಿದ ಜಾಗ ಸಿಕ್ಕಿತು, ದಾರಿ ಸಿಗಲಿಲ್ಲ. ಕೊನೆಗೆ ಒಂದು ಅಕ್ಷರವನ್ನೂ ಸೇರಿಸದೆ, ನಮಸ್ಕಾರವನ್ನೂ ಹಾಕದೆ, ಲಾಗ್ ಒಂದನ್ನೇ ಕಳಿಸಿದೆ.

ಮರುದಿನ ಉತ್ತರ ಬಂತು. ಅದರಲ್ಲೂ ಮಾತಿಲ್ಲ, ಟೈಪ್ ಮಾಡಬೇಕಾದ ಒಂದು ಸಾಲು, ಅಷ್ಟೇ. ಮಾಡಿದೆ. ಎಂಜಿನ್ ಎದ್ದಿತು. ಆ ಸದ್ದನ್ನು ಫೋನಿನಲ್ಲಿ ಹಿಡಿದು ಅವರಿಗೆ ಕಳಿಸಿದೆ. ಕೇಳಿದರೆಂದು ಫೋನು ತೋರಿಸಿತು. ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ ಕೇಳಿದರೋ ಏನೋ, ತಿಳಿಯುವ ಹಾಗಿಲ್ಲ.

ಅಲ್ಲಿಂದ ಮುಂದೆ ನಮ್ಮ ನಡುವೆ ಇದ್ದದ್ದು ಇಷ್ಟೇ. ಅಂಗಡಿಯ ಪ್ರಿಂಟರ್ ಕೈಕೊಟ್ಟರೆ ಅದರ ಲಾಗ್ ಕಳಿಸುತ್ತಿದ್ದೆ, ಒಂದು ಸಾಲು ಬರುತ್ತಿತ್ತು. ‘ತಂಗಿ’ ಎಂಬ ಮಾತು ಮತ್ತೆ ಬರಲಿಲ್ಲ. ಬೇಸಿಗೆಯಲ್ಲಿ ಯಜಮಾನರು ರಜಕ್ಕೆ ಬಂದುಹೋದರು. ನಾನು ಮತ್ತೆ ಬಸುರಿಯಾದೆ. ಅದನ್ನು ಅಣ್ಣನಿಗೆ ಬರೆಯಬೇಕೆಂದು ಎಷ್ಟೋ ಸಲ ಫೋನ್ ಹಿಡಿದೆ. ಹೇಗೆ ಶುರು ಮಾಡಿದರೂ ಅದು ಕಥೆಯೇ ಆಗುತ್ತಿತ್ತು. ಅಳಿಸಿದೆ.

ಮಳೆಗಾಲ ಮುಗಿಯುವ ಮುನ್ನ ಒಂದು ಬೆಳಗ್ಗೆ ಅಕ್ಕ ಫೋನ್ ಮಾಡಿದರು. ಈ ಸಲ ಜ್ವರ ಶ್ವಾಸಕೋಶಕ್ಕೆ ಇಳಿದಿತ್ತಂತೆ. “ಆಸ್ಪತ್ರೆಗೆ ಹೋಗಾನ ಅಂತ ಅವ್ನೇ ಅಂದ ಕಣಮ್ಮ. ದಾರೀಲೇ ಹೋಗ್ಬಿಟ್ಟ.”

ಹೊಟ್ಟೆಯಲ್ಲಿ ಮಗು ಇಟ್ಟುಕೊಂಡು ಸಾವಿನ ಮನೆಗೆ ಹೋಗಬಾರದೆಂದು ಅತ್ತೆ ತಡೆದರು. ಹೋಗದಿದ್ದರೆ ಈ ಮಗುವಿಗೆ ನಾನು ಏನೆಂದು ಹೇಳಲಿ ಎಂದೆ. ಅತ್ತೆ ದುಪ್ಪಟ್ಟಾವನ್ನು ನನ್ನ ಹೊಟ್ಟೆಯ ಮೇಲೆ ತಾವೇ ಸರಿಪಡಿಸಿ ಕಳಿಸಿಕೊಟ್ಟರು.

ಬುಕ್ಕಾಂಬುಧಿಯಲ್ಲಿ ಬಸ್ಸಿಳಿದಾಗಲೇ ಭಜನೆ ಕೇಳುತ್ತಿತ್ತು. ಅಂಗಳದಲ್ಲಿ ಜನ. ಅವರ ಪದ್ಧತಿಯಂತೆ ಅಣ್ಣನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಗೆ, ತೋಳಿಗೆ ವಿಭೂತಿ ಬಳಿದು, ಕೊರಳಿಗೆ ಹೂವು ಹಾಕಿದ್ದರು. ನಾನು ಅವರನ್ನು ಕಂಡದ್ದೆಲ್ಲ ಮಲಗಿದ್ದಂತೆಯೇ. ಮಣ್ಣಿನಲ್ಲೂ ಹೀಗೆಯೇ, ಕೂತಂತೆಯೇ ಇಡುತ್ತಾರೆಂದು ಪಕ್ಕದಲ್ಲಿ ಯಾರೋ ಹೇಳುತ್ತಿದ್ದರು. ಅಕ್ಕ ಜನರ ನಡುವಿನಿಂದ ಬಂದು ನನ್ನ ಕೈ ಹಿಡಿದು ಮುಂದಕ್ಕೆ ಕರೆದೊಯ್ದರು.

“ನೋಡಮ್ಮ,” ಎಂದರು, “ಹೆಂಗ್ ಕೂತವ್ನೆ.”

ನೋಡಿದೆ. ಗೋಡೆಯ ಕಿಟಕಿಯ ಕೆಳ ಅಂಚನ್ನೂ ಮೀರಿ ತಲೆ ನಿಂತಿತ್ತು. ಅಣ್ಣ ಅಷ್ಟು ಎತ್ತರದ ಆಳೆಂದು ನನಗೆ ಅಂದಿನವರೆಗೆ ಗೊತ್ತೇ ಇರಲಿಲ್ಲ.