‘ಟ್ರೈ ಮಾಡ್ತೀನಿ’ ಎಂಬ ಅಭಯ

ನಮ್ಮ ಮಂಡ್ಯದ ಪೇಟೆಬೀದಿಯ ದರ್ಜಿ ಖಾದರ್ ಸಾಹೇಬರು ನಿನ್ನೆ ಸಂಜೆ ನನ್ನ ಕೋಟಿನ ಬಟ್ಟೆಯನ್ನು ಎರಡು ಬೆರಳಿನಲ್ಲಿ ಎತ್ತಿ ನೋಡಿ, “ಶುಕ್ರವಾರಕ್ಕೆ ಟ್ರೈ ಮಾಡ್ತೀನಿ, ಮೇಷ್ಟ್ರೇ” ಎಂದರು. ಅಷ್ಟು ಸಾಕಾಯಿತು, ಶುಕ್ರವಾರದ ಮದುವೆಗೆ ನಾನು ಹಳೆಯ ಕೋಟಿನಲ್ಲೇ ಹೋಗುವುದು ಖಚಿತವಾಯಿತು. ಯುದ್ಧ ಶುರುವಾದ ಮೇಲೆ ಬಟ್ಟೆ ಸಿಗುವುದೇ ದುರ್ಲಭ. ಸಿಕ್ಕ ತುಂಡೂ ಹೀಗೆ ‘ಟ್ರೈ’ಯ ಪಾಲಾದರೆ ಸಂಶಯಪಡದೆ ಇನ್ನೇನು ಮಾಡಲಿ, ನೀವೇ ಹೇಳಿ.

ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವನು. ಈ ಕ್ರಿಯಾಪದಕ್ಕೆ ಪ್ರಯತ್ನಿಸು, ಪರೀಕ್ಷಿಸು, ವಿಚಾರಣೆ ನಡೆಸು ಎಂದೆಲ್ಲ ಗಂಭೀರವದನನಾಗಿ ಅರ್ಥ ಬರೆಸುತ್ತೇನೆ. ಮಕ್ಕಳು ನಂಬಿ ಬರೆದುಕೊಳ್ಳುತ್ತಾರೆ. ತರಗತಿಯ ಹೊರಗೆ, ಮದ್ದೂರಿನಿಂದ ಮಳವಳ್ಳಿಯವರೆಗೆ, ಅದಕ್ಕೆ ಇರುವುದು ಒಂದೇ ಅರ್ಥ: ತಾವಿನ್ನು ಹೊರಡಬಹುದು. ನಮ್ಮ ಸೀಮೆಯವರು ಮೂಲತಃ ಇಂಥ ನಯಗಾರರಲ್ಲ. ಆಗದ ಕೆಲಸವನ್ನು “ಆಗಕ್ಕಿಲ್ಲ, ಓಗ್ಲಾ” ಎಂದು ಮುಖಕ್ಕೇ ಹೇಳುತ್ತಿದ್ದರು. ಕೇಳಿದವನು ಬೈದುಕೊಂಡರೂ ಬೇರೆ ಬಾಗಿಲನ್ನು ಹುಡುಕಿಕೊಳ್ಳುತ್ತಿದ್ದ. ಇಂಗ್ಲಿಷ್ ಕಲಿತ ನಾವು ಆ ನಕಾರಕ್ಕೆ ಇಸ್ತ್ರಿ ಹಾಕಿದೆವು.

ಈ ವಿದ್ಯೆಯಲ್ಲಿ ಪಾರಂಗತನೆಂದರೆ ನನ್ನ ಬಾಲ್ಯಸ್ನೇಹಿತ ಶೀನಪ್ಪ. ಶಾಲಾ ಇನ್ಸ್‌ಪೆಕ್ಟರರ ಕಚೇರಿಯಲ್ಲಿ ಗುಮಾಸ್ತ. ನನ್ನನ್ನು ಹುಟ್ಟೂರಾದ ಮಳವಳ್ಳಿಗೆ ವರ್ಗ ಮಾಡಿಸಲು ಮೂರು ವರ್ಷದಿಂದ ಟ್ರೈ ಮಾಡುತ್ತಿದ್ದಾನೆ. ನೆನಪಿಸಿದಾಗಲೆಲ್ಲ ಕಾಫಿ ತರಿಸುತ್ತಾನೆ. ಕಾಫಿ ಮಾತ್ರ ತಪ್ಪದೆ ಬರುತ್ತದೆ.

ಕೆಲವು ತಿಂಗಳ ಹಿಂದೆ, ಕೆರಗೋಡಿನಿಂದ ನಮ್ಮ ಬೀದಿಗೆ ಬೆಣ್ಣೆ ತರುವ ನಿಂಗಮ್ಮ ಒಂದು ಬೆಳಿಗ್ಗೆ ನನ್ನ ಹತ್ತಿರ ಮಾತೆತ್ತಿದಳು. ಅವಳ ಮಗ ಚಳಿಜ್ವರದಲ್ಲಿ ತೀರಿಕೊಂಡಿದ್ದ. ಸೊಸೆ ಗೌರಿ ಲೋಯರ್ ಸೆಕೆಂಡರಿ ಪಾಸಾದವಳು. ಹನಕೆರೆಯಲ್ಲಿ ಹೆಣ್ಣುಮಕ್ಕಳಿಗೆ ಪಾಠ ಹೇಳಲು ಒಬ್ಬರು ಬೇಕಾಗಿದ್ದಾರಂತೆ, ಅರ್ಜಿಗೆ ಅಂದೇ ಕಡೆಯ ದಿನವಂತೆ. ಕೆಲಸ ಸಿಗದಿದ್ದರೆ ಗೌರಿಯ ಅಣ್ಣಂದಿರು ಅವಳನ್ನು ಕರೆದೊಯ್ದು ಮನೆಯ ಚಾಕರಿಗೆ ಹಚ್ಚುವುದು ಖಂಡಿತ. ನಾನು ಶೀನಪ್ಪನನ್ನು ನೆನೆದು, ಮನಸ್ಸಿನಲ್ಲೇ ಕೈಚೆಲ್ಲಿ, ಬಾಯಲ್ಲಿ ಮಾತ್ರ “ಟ್ರೈ ಮಾಡ್ತೀನಮ್ಮ” ಎಂದೆ.

ನಿಂಗಮ್ಮ ಬುಟ್ಟಿ ಇಳಿಸಿ ನಮ್ಮ ಜಗಲಿಯ ಮೇಲೆ ಕೂತಳು. “ಮಾಡಿ ಮೇಷ್ಟ್ರೇ, ನಾನು ಇಲ್ಲೇ ಕುಂತಿರ್ತೀನಿ.”

ನನಗೆ ಕಸಿವಿಸಿಯಾಯಿತು. ನನ್ನ ಮೇಲೆ ನಂಬಿಕೆ ಇಲ್ಲವೇ ಎಂದು ಕೇಳಿದೆ.

“ನಾಲೆ ನೀರಿನ ಸರದಿ ಬಂದಾಗ ತೂಬಿನ ತಾವೇ ಕುಂತಿರ್ತೀವಿ. ನೀರು ಬುಡೋ ನೀರಗಂಟಿ ಒಳ್ಳೇವ್ನೇಯ. ಆದ್ರೂ ನಾವು ಎದ್ದು ಓದ್ರೆ ನೀರು ಇನ್ನೊಬ್ರ ಗದ್ದೆಗೆ ಓಯ್ತದೆ.”

ಒಳಗೆ ನನ್ನ ಹೆಂಡತಿ ನಕ್ಕದ್ದು ಕೇಳಿಸಿತು. ನಾನು ಕೋಟು ಹಾಕಿಕೊಂಡು ಹೊರಟೆ. ನಿಂಗಮ್ಮನೂ ಹಿಂದೆಯೇ ಬಂದಳು. ಕಚೇರಿಯಲ್ಲಿ ಶೀನಪ್ಪ ವಿಷಯವನ್ನೆಲ್ಲ ಸಾವಧಾನವಾಗಿ ಕೇಳಿ, ಕಾಫಿ ತರಿಸಿ, ಟ್ರೈ ಮಾಡುವುದಾಗಿ ಹೇಳಿದ. ಅಭ್ಯಾಸಬಲದಿಂದ ನಾನು ಎದ್ದೆ. ನಿಂಗಮ್ಮ ಅವನ ಮೇಜಿಗೆ ಎದುರಾದ ಕಂಬಕ್ಕೆ ಒರಗಿ ಕೂತುಬಿಟ್ಟಳು. ಅವಳನ್ನು ಬಿಟ್ಟು ಹೋಗಲಾರದೆ, ನಾಚಿಕೆಯಾದರೂ, ನಾನೂ ಕೂತೆ. ಶೀನಪ್ಪ ಸ್ವಲ್ಪ ಹೊತ್ತು ಕಾಗದ ತಿರುವಿದ, ಸ್ವಲ್ಪ ಹೊತ್ತು ಕಿಟಕಿ ನೋಡಿದ, ಕೊನೆಗೆ ನನ್ನ ಕಿವಿಯ ಹತ್ತಿರ ಬಂದು, “ಏನಯ್ಯಾ ಇದು, ಈಯಮ್ಮ ಏಳೋದೇ ಇಲ್ವೇ?” ಎಂದ. ಇಲ್ಲವೆಂದೆ. ಅವನು ನಿಟ್ಟುಸಿರಿಟ್ಟು ಅರ್ಜಿ ಬರೆದು, ಒಳಗೆ ಹೋಗಿ ಇನ್ಸ್‌ಪೆಕ್ಟರ್ ಸಾಹೇಬರ ಮುಂದಿಟ್ಟು ಬಂದ. ಇಡೀ ಕೆಲಸಕ್ಕೆ ಹಿಡಿದದ್ದು ಒಂದು ಲೋಟ ಕಾಫಿ ಆರುವಷ್ಟು ಹೊತ್ತು. ಮುಂದಿನ ವಾರ ಸಾಹೇಬರು ಗೌರಿಯನ್ನು ಕರೆಸಿ ಓದಿಸಿ ಬರೆಸಿ ನೋಡಿದರು. ಆಮೇಲೆ ಅವಳು ಹನಕೆರೆಯಲ್ಲಿ ಪಾಠ ಹೇಳತೊಡಗಿದಳು.

ನಿಂಗಮ್ಮ ನನ್ನನ್ನು ಹೊಗಳುತ್ತಾಳೆಂದು ಕಾದೆ. ಬೆಣ್ಣೆ ಮಾರುವವಳೇ ಹೊರತು ಹಚ್ಚುವವಳಲ್ಲ ಅವಳು. “ನೀವು ಒಳ್ಳೇವ್ರೇ ಮೇಷ್ಟ್ರೇ. ಆದ್ರೂ ನಾನು ಕುಂತಿದ್ದೇ ಒಳ್ಳೇದಾಯ್ತು” ಎಂದಳು.

ಅಂದಿನಿಂದ ನನ್ನ ಸಂಶಯ ದಿಕ್ಕು ಬದಲಿಸಿದೆ. ಇಷ್ಟು ವರ್ಷ ಶೀನಪ್ಪನನ್ನು, ದರ್ಜಿಯನ್ನು, ಊರಿನವರನ್ನೆಲ್ಲ ಅನುಮಾನಿಸಿದವನು ನನ್ನನ್ನೇ ಬಿಟ್ಟಿದ್ದೆ. ಗೆಜ್ಜಲಗೆರೆಯ ಒಬ್ಬ ಮುದುಕರು ನೆನಪಾಗುತ್ತಾರೆ. ಬಹಳ ದಿನ ಬಾರದೆ ಹಾಜರಿಯಿಂದ ಹೆಸರು ಹೋಗಿದ್ದ ಮೊಮ್ಮಗನನ್ನು ಮತ್ತೆ ಸೇರಿಸಿಕೊಳ್ಳುವಂತೆ ಹೆಡ್ಮಾಸ್ಟರರಿಗೆ ಹೇಳಿ ಎಂದು ಕೇಳಲು ಬಂದಿದ್ದರು. ಟ್ರೈ ಮಾಡ್ತೀನಿ ಎಂದೆ. ಅವರು ಸಂತೋಷದಿಂದ ಕೈಮುಗಿದು, ಎದ್ದು ಹೋದರು. ನಾನು ಹೆಡ್ಮಾಸ್ಟರರ ಕೋಣೆಯವರೆಗೂ ಹೋಗಲಿಲ್ಲ. ಆ ಹುಡುಗ ಮತ್ತೆ ಶಾಲೆಗೆ ಬರಲಿಲ್ಲ. ಇದನ್ನು ಬರೆಯುವಾಗಲೂ ನನಗೆ ನಾಚಿಕೆಯಾಗುತ್ತಿದೆ.

ಇವತ್ತು ಶಾಲೆ ಬಿಟ್ಟೊಡನೆ ಖಾದರ್ ಸಾಹೇಬರ ಅಂಗಡಿಗೆ ಹೋಗಿ ಬೆಂಚಿನ ಮೇಲೆ ಕೂತೆ. ಅವರು ನನ್ನನ್ನು ನೋಡಿದರು, ಗೋಡೆಗೆ ನೇತುಹಾಕಿದ್ದ ನನ್ನ ಬಟ್ಟೆಯನ್ನು ನೋಡಿದರು, ನಿಧಾನವಾಗಿ ಕತ್ತರಿ ಕೈಗೆತ್ತಿಕೊಂಡರು.

“ಯಾಕೆ ಮೇಷ್ಟ್ರೇ, ನನ್ನ ಮಾತಿನ ಮೇಲೆ ಅನುಮಾನವೇ?”

“ಆ ಮಾತನ್ನ ನಾನೂ ಹೇಳಿದ್ದೀನಿ, ಸಾಹೇಬ್ರೇ” ಎಂದೆ.