ಫೋನ್ ರಿಂಗಾದಾಗ ಮಿಸೆಸ್ ಲಾವ್ ಅಂದದ್ದು

ಅಮೆರಿಕದ ಪೊವೇ ಊರಿನಲ್ಲಿರುವ ನಿಶ್ಮಿತಾ ಮಂಗಳೂರಿನವಳು, ಸ್ಪೀಚ್ ಥೆರಪಿಸ್ಟ್. ಕಾಯಿಲೆಯಿಂದ ಮಾತು ಕಳೆದುಕೊಂಡವರಿಗೆ ಮತ್ತೆ ಮಾತು ಕಲಿಸುವುದು ಅವಳ ಕೆಲಸ. ಹದಿನಾರು ವರ್ಷಗಳಲ್ಲಿ ಅವಳು ನಿಜವಾಗಿ ಬೆಚ್ಚಿಬಿದ್ದದ್ದು ಒಮ್ಮೆಯೇ.

೨೦೨೩ರ ಮಾರ್ಚ್. ಹತ್ತಿರದ ಕರ್ನಿ ಮೆಸಾದಲ್ಲಿ ಅವಳು ಕೆಲಸ ಮಾಡುವ ಪುನರ್ವಸತಿ ಕೇಂದ್ರಕ್ಕೆ ಹಾಂಗ್‌ಕಾಂಗ್ ಮೂಲದ ಎಪ್ಪತ್ತಾರರ ಮಿಸೆಸ್ ಲಾವ್ ಬಂದರು. ಪಾರ್ಶ್ವವಾಯು ಹೊಡೆದಿತ್ತು. ಇಂಗ್ಲಿಷಿನಲ್ಲಿ ಕೇಳಿದರೂ, ದುಭಾಷಿ ಅವರದೇ ಭಾಷೆ ಕ್ಯಾಂಟನೀಸಿನಲ್ಲಿ ಕೇಳಿದರೂ ಸುಮ್ಮನೆ ಗೋಡೆ ನೋಡುತ್ತಿದ್ದರು. 'ಮಾತಿಲ್ಲ, ಅರ್ಥವಾಗುವುದೂ ಅನುಮಾನ' ಎಂದು ನಿಶ್ಮಿತಾ ಫೈಲಿನಲ್ಲಿ ಬರೆದಳು.

ಪದಗಳು ಹೋದರೂ ಕೆಲವರಲ್ಲಿ ಅಭ್ಯಾಸದ ಉದ್ಗಾರಗಳು ಉಳಿದಿರುತ್ತವೆ. ಹಾಗಾಗಿ ಲಾಸ್ ಏಂಜಲೀಸ್‌ನಲ್ಲಿದ್ದ ಅವರ ಮಗಳು ಜಾಯ್ಸ್‌ಗೆ ಹೇಳಿ, ಅಮ್ಮ ಮೊದಲು ಮಾತಿನ ನಡುವೆ ಹಾಕುತ್ತಿದ್ದ ಸದ್ದುಗಳನ್ನು ರೆಕಾರ್ಡ್ ಮಾಡಿಸಿಕೊಂಡಳು. ಅಚ್ಚರಿಗೆ 'ಯೀ', ಯೋಚಿಸುವಾಗ 'ಗಮ್...', ತಾತ್ಸಾರಕ್ಕೆ 'ಛೆ', ಫೋನ್ ಎತ್ತಿದರೆ 'ಹಲೋ' ಬದಲು 'ವೈ?'.

ಆ ಸದ್ದುಗಳನ್ನು ಅವಳು ಕಾರಿನಲ್ಲಿ ಅಭ್ಯಾಸ ಮಾಡುವಾಗ ಗಂಡ ಸಂದೇಶ್ ನಕ್ಕ. "ಎಂತ ಮಾರಾಯ್ತಿ, ಯಾರಿಗೆ ಛೆ ಛೆ ಹೇಳ್ತಾ ಇದ್ದಿ?"

"ಇದು ನಮ್ಮ ಛೆ ಅಲ್ಲ. ನಮ್ದರಲ್ಲಿ 'ಪಾಪ' ಅಂತ ಇರ್ತದೆ, ಇವರದರಲ್ಲಿ 'ಹೋಗಾ, ನಿಂದೊಂದು' ಅಂತ."

ಎರಡು ವಾರ ನಿಶ್ಮಿತಾ ಮಾಡಿದ ಯಾವ ಸದ್ದಿಗೂ ಮಿಸೆಸ್ ಲಾವ್ ಕದಲಲಿಲ್ಲ. ಒಂದು ಮಂಗಳವಾರ ಬೆಳಿಗ್ಗೆ ಮಂಚದ ಪಕ್ಕದಲ್ಲಿದ್ದ ಅವರ ಫೋನ್ ರಿಂಗಾಯಿತು. ನಿಶ್ಮಿತಾ ಅದನ್ನು ಅವರ ಕಿವಿಗೆ ಹಿಡಿದಳು.

"ವೈ?" ಎಂದರು ಮಿಸೆಸ್ ಲಾವ್.

ನಿಶ್ಮಿತಾ ಬೆಚ್ಚಿ ಫೋನನ್ನು ಸ್ಪೀಕರಿಗೆ ಹಾಕಿದಳು. ಆ ಕಡೆ ಜಾಯ್ಸ್ ಚೀರಿದಳು. "ಯಾರು? ಯಾರು ಮಾತಾಡಿದ್ದು?"

"ನಿಮ್ಮಮ್ಮ!"

ಜಾಯ್ಸ್ ಎರಡೂವರೆ ಗಂಟೆ ಡ್ರೈವ್ ಮಾಡಿಕೊಂಡು ಬಂದಳು. ಅವಳ ಮುಖದಲ್ಲಿ ಸಂತೋಷಕ್ಕಿಂತ ಗಾಬರಿಯೇ ಹೆಚ್ಚಾಗಿತ್ತು. "ಭಾನುವಾರ ನಾನೂ ಅಣ್ಣನೂ ಇಲ್ಲೇ ನಿಂತು ಮಾತಾಡಿದ್ವಿ. ಅಮ್ಮನಿಗೆ ಏನೂ ಗೊತ್ತಾಗಲ್ಲ, ಯಾವ ವೃದ್ಧರ ಹೋಮಿಗೆ ಸೇರಿಸಿದರೂ ಒಂದೇ ಅಂತ ಅಣ್ಣ ಅಂದ. ನಾನು ಹೂಂ ಅಂದೆ."

ಆಮೇಲೆ ಅಮ್ಮನ ಕೈ ಹಿಡಿದು ಕ್ಯಾಂಟನೀಸಿನಲ್ಲಿ ಅವರನ್ನೇ ಕೇಳಿದಳು, ಅವತ್ತಿನ ಮಾತು ಕೇಳಿಸಿತೇ ಎಂದು.

ಮಿಸೆಸ್ ಲಾವ್ ಮಗಳನ್ನು ದಿಟ್ಟಿಸಿ ನೋಡಿದರು. "ಛೆ!" ಎಂದು ಕೈ ಬಿಡಿಸಿಕೊಂಡರು.

ನಿಶ್ಮಿತಾ ಹೊರಗೆ ಬಂದು ಫೈಲು ತೆರೆದಳು. ಆ ಮಕ್ಕಳು ನಂಬಿದ್ದು 'ಅರ್ಥವಾಗುವುದೂ ಅನುಮಾನ' ಎಂದು ತಾನು ಬರೆದ ಒಂದು ಸಾಲನ್ನು. ಅಂದೇ ತನ್ನ ತಪ್ಪನ್ನು ಫೈಲಿನಲ್ಲಿ ದಾಖಲಿಸಿ, ಜಾಯ್ಸ್‌ಳ ಮುಂದೆ ಕ್ಷಮೆ ಕೇಳಿದಳು. ದುಭಾಷಿಯ ಮೂಲಕ ಮಿಸೆಸ್ ಲಾವ್ ಅವರಲ್ಲೂ ಕ್ಷಮೆ ಕೇಳಿದಳು.

ಜೂನ್-ಜುಲೈ ಹೊತ್ತಿಗೆ ಅವರಿಗೆ ಮೂವತ್ತರಷ್ಟು ಪದಗಳು ಮರಳಿದವು. ಹೋಮಿಗೆ ಹೋಗಲಿಲ್ಲ, ಜಾಯ್ಸ್‌ಳ ಮನೆಯಲ್ಲಿದ್ದಾರೆ. ಮಗ ಬಂದರೆ ಮಾತ್ರ ಈಗಲೂ ಮುಖ ತಿರುಗಿಸಿಕೊಳ್ಳುತ್ತಾರಂತೆ.