ಕೂಗು ನುಂಗಿದ ಪಂಪ್‌ಮನೆ

ಬೆಳಕು ಇನ್ನೂ ಸರಿಯಾಗಿ ಮೂಡಿಲ್ಲ. ನದಿಯ ಮಂಜು ತಡೆಗೋಡೆ ದಾಟಿ, ಮುಚ್ಚಿಹೋದ ಬಣ್ಣದ ಕಾರ್ಖಾನೆಯ ಅಂಗಳಕ್ಕೆ ಇಳಿದಿದೆ. ತಲೆಗೆ ಹೆಲ್ಮೆಟ್ಟು, ಕೈಯಲ್ಲೊಂದು ಕಬ್ಬಿಣದ ಕೊಳವೆ, ಸೊಂಟದಲ್ಲಿ ಹಸಿರು ಬಟ್ಟೆ. ಐವತ್ತು ದಾಟಿದ ಹೆಂಗಸೊಬ್ಬರು ಬಾಯ್ಲರ್ ಕೋಣೆಯೊಳಗೆ ಒಬ್ಬರೇ ನಡೆಯುತ್ತಾರೆ. ಗೋಡೆಗೆ ಕೊಳವೆಯಿಂದ ಒಂದೇಟು. ಆಮೇಲೆ ಎದೆ ತುಂಬ ಉಸಿರೆಳೆದು, "ಯಾರಾದ್ರೂ ಇದ್ದೀರಾ? ಈಚೆ ಬನ್ನಿ!" ಎಂದು ಕೂಗಿ ಕಿವಿಗೊಟ್ಟು ನಿಲ್ಲುತ್ತಾರೆ. ಮಸಿ ಹಿಡಿದ ಚಾವಣಿಯಿಂದ ಅದೇ ಮಾತು ಮರಳಿ ಬರುತ್ತದೆ. ಹಸಿರು ಬಟ್ಟೆ ಮೇಲೇಳುತ್ತದೆ.

ಇಲ್ಲಿ ಎಲ್ಲರಿಗೂ ಇವರು ಕೂಗಕ್ಕ. ಕಟ್ಟಡ ಕೆಡವುವ ಮುಂಚೆ ಒಳಗೆ ಜೀವವಿಲ್ಲ ಎಂದು ಖಾತ್ರಿ ಮಾಡುವುದು ಇವರ ಕೆಲಸ. ಇವರು ಬಟ್ಟೆ ತೋರಿಸದೆ ಬುಲ್ಡೋಜರ್ ಒಂದು ಗೇಣೂ ಮುಂದೆ ಬರುವ ಹಾಗಿಲ್ಲ. ಮೊದಲ ಹಂತದಲ್ಲಿ ಗೋದಾಮುಗಳು ಹೋದವು, ಅಲ್ಲೀಗ ಜನ ವಾಯುವಿಹಾರ ಮಾಡುತ್ತಾರೆ. ಎರಡನೆಯದರಲ್ಲಿ ಬಣ್ಣ ಅದ್ದುವ ಶೆಡ್ಡುಗಳು ಹೋಗಿ ಗಾಜಿನ ಮನೆಗಳು ಎದ್ದಿವೆ. ಈಗ ನಡೆಯುತ್ತಿರುವುದು ಕೊನೆಯ ಹಂತ. ಇಷ್ಟು ವರ್ಷದಲ್ಲಿ ಇವರ ಕೂಗಿಗೆ ಈಚೆ ಬಂದವರು ಬೇಕಾದಷ್ಟು ಮಂದಿ. ಒಬ್ಬ ಪುಣ್ಯಾತ್ಮ ಕಂಬಳಿಯೊಳಗಿಂದಲೇ "ಇನ್ನೈದು ನಿಮಿಷ" ಎಂದನಂತೆ, ಹೆಂಡತಿ ಎಬ್ಬಿಸುತ್ತಿದ್ದಾಳೆ ಅಂದುಕೊಂಡು!

ಕೂಗಕ್ಕ ನಗುತ್ತಾರೆ. ಆದರೆ ಕೆಲಸದ ವಿಷಯಕ್ಕೆ ಬಂದರೆ ನಗು ಮಾಯ. "ಖಾಲಿ ಕೋಣೆ ಕೂಗನ್ನ ಇಟ್ಕೊಳ್ಳಲ್ಲ, ವಾಪಸ್ ಕೊಡುತ್ತೆ. ವಾಪಸ್ ಬರಲಿಲ್ಲ ಅಂದ್ರೆ ಒಳಗೆ ಯಾರೋ ಕೇಳಿಸ್ಕೊಂಡ್ರು ಅಂತ." ಹೇಳುವಾಗ ಅವರ ಕಣ್ಣು ನದಿಯಂಚಿನ ಪಂಪ್‌ಮನೆಯ ಕಡೆಗೇ ಇದೆ. ಇನ್ನು ಉಳಿದಿರುವುದು ಅದೊಂದೇ.

ಅಲ್ಲಿ ಅವರ ಅಣ್ಣ ಪಂಪ್ ಓಡಿಸುತ್ತಿದ್ದ. ತಡೆಗೋಡೆ ಒಡೆದ ವರ್ಷ, ಕಾರ್ಖಾನೆಯ ನೆಲಮಾಳಿಗೆಯಲ್ಲಿದ್ದವರು ಮೇಲೆ ಹತ್ತಿ ಬರುವ ತನಕ ಅವನು ಪಂಪ್ ನಿಲ್ಲಿಸಲಿಲ್ಲ. ಅವರೆಲ್ಲ ಬಂದರು, ಅವನು ಬರಲಿಲ್ಲ. ನೀರಿಳಿದ ಮೇಲೆ ಹುಡುಕಿದರೂ ಏನೂ ಸಿಗಲಿಲ್ಲ, ಪಂಪ್‌ಮನೆಯ ಬಾಗಿಲು ಮುಚ್ಚಿಬಿಟ್ಟರು. ಸತ್ತನೆಂದು ಯಾರೂ ಹೇಳಲಿಲ್ಲ, ಬದುಕಿದ್ದಾನೆ ಎನ್ನಲು ಯಾರಿಗೂ ಬಾಯಿ ಬರಲಿಲ್ಲ. ಅತ್ತಿಗೆ, ನಾದಿನಿ ಇಬ್ಬರೂ ಒಂದೇ ಮನೆಯಲ್ಲಿ ಹಾಗೇ ಕಾಲ ತಳ್ಳಿದ್ದಾರೆ. ಕೂಗಕ್ಕ ಈ ಕೆಲಸಕ್ಕೆ ಸೇರಿದ್ದೇ ಒಂದಲ್ಲ ಒಂದು ದಿನ ಆ ಬಾಗಿಲು ತೆಗೆಸಬಹುದು ಎಂಬ ಆಸೆಯಿಂದ. ಇವತ್ತು ಅತ್ತಿಗೆಯೂ ಬಂದು ಬೇಲಿಯಾಚೆ ನಿಂತಿದ್ದಾರೆ. "ಯಾರು ಏನೇ ಹೇಳಿದ್ರೂ ನಾನು ನಂಬಲಿಲ್ಲ. ಇವಳು ಖಾಲಿ ಅಂದ್ರೆ ನಂಬ್ತೀನಿ," ಎನ್ನುತ್ತಾರೆ.

ತುಕ್ಕು ಹಿಡಿದ ಬಾಗಿಲನ್ನು ಬುಲ್ಡೋಜರಿನ ಡ್ರೈವರ್ ಹಾರೆ ಹಾಕಿ ತೆಗೆಯುತ್ತಾನೆ. ಒಳಗೆ ಕೆಸರಿನ ವಾಸನೆ. ವರ್ಷಗಟ್ಟಲೆ ಮುಚ್ಚಿದ್ದ ನೆಲ ಒದ್ದೆಯಾಗಿದೆ, ಈಗಷ್ಟೇ ಯಾರೋ ಕಾಲು ತೊಳೆದುಕೊಂಡ ಹಾಗೆ. ಕೂಗಕ್ಕ ಗೋಡೆಗೆ ಬಡಿದು ಕೂಗುತ್ತಾರೆ. ಕೂಗು ಹೋಗುತ್ತದೆ, ಬರುವುದಿಲ್ಲ. ಮತ್ತೊಮ್ಮೆ ಕೂಗುತ್ತಾರೆ. ಊಹೂಂ.

"ಅಕ್ಕಾ, ಗೋಡೆಗೆಲ್ಲ ಪಾಚಿ. ಸದ್ದು ಅದರಲ್ಲೇ ಇಂಗಿ ಹೋಗ್ತಿದೆ," ಎನ್ನುತ್ತಾನೆ ಡ್ರೈವರ್.

"ಇರಬಹುದು ತಮ್ಮಾ. ಸ್ವಲ್ಪ ಸುಮ್ನಿರು."

ಕೊಳವೆಯನ್ನು ನೆಲಕ್ಕಿಟ್ಟು, ಅಡುಗೆಮನೆಯಿಂದ ಪಡಸಾಲೆಗೆ ಕರೆಯುವಷ್ಟೇ ದನಿಯಲ್ಲಿ ಕೂಗಕ್ಕ ಹೇಳುತ್ತಾರೆ: "ಅಣ್ಣಾ, ಎಲ್ಲರೂ ಮೇಲೆ ಬಂದ್ರು ಕಣೋ. ಆವತ್ತೇ ಬಂದ್ರು. ಒಬ್ರೂ ಉಳೀಲಿಲ್ಲ. ಇನ್ನು ಪಂಪ್ ನಿಲ್ಸು."

ಹೇಳಿ ಬಾಗಿಲ ಪಕ್ಕಕ್ಕೆ ಸರಿದು ದಾರಿ ಬಿಡುತ್ತಾರೆ. ತಣ್ಣನೆಯ ಗಾಳಿಯೊಂದು ಹೊರಗೆ ಹೋಗುತ್ತದೆ. ಹೊಸಿಲ ಮೇಲೆ ನಿಂತಿದ್ದ ಡ್ರೈವರ್, ಯಾರೂ ಹೇಳದೆಯೇ ಕಾಲು ಹಿಂದಕ್ಕೆಳೆದುಕೊಳ್ಳುತ್ತಾನೆ. ಯಾಕೆಂದು ಆಮೇಲೆ, ವರದಿಗೆಂದು ಬಂದಿದ್ದ ನಾನು ಕೇಳಿದರೆ, "ಯಾರಾದ್ರೂ ಬಂದ್ರೆ ದಾರಿ ಬಿಡಲ್ವಾ ಸಾರ್?" ಎಂದು ಹೇಳಿ ತಾನೇ ಗಾಬರಿಯಾಗುತ್ತಾನೆ.

ಕೂಗಕ್ಕ ಮತ್ತೆ ಕೂಗುತ್ತಾರೆ. ಈ ಸಲ ಗೋಡೆಗಳು ಆ ಕೂಗನ್ನು ಸ್ಪಷ್ಟವಾಗಿ ತಿರುಗಿ ಕೊಡುತ್ತವೆ. ಪಾಚಿಯಂತೂ ಇದ್ದಲ್ಲೇ ಇದೆ. ಇವರ ಕೆನ್ನೆಯ ಮೇಲೆ ಕಣ್ಣೀರು ಇಳಿಯುತ್ತಿದೆ, ಒರೆಸಿಕೊಳ್ಳುವುದಿಲ್ಲ. ಹೊರಗೆ ಬಂದು ಹಸಿರು ಬಟ್ಟೆ ಎತ್ತುತ್ತಾರೆ. ಬುಲ್ಡೋಜರ್ ಗುಡುಗುತ್ತದೆ.

ಬೇಲಿಯ ಹತ್ತಿರ ಅತ್ತಿಗೆ ಸರಳನ್ನು ಎರಡೂ ಕೈಯಲ್ಲಿ ಹಿಡಿದಿದ್ದಾರೆ. ಸಿಕ್ಕಿದರಾ ಎಂದು ಕೇಳುವುದಿಲ್ಲ, ಖಾಲಿಯಾ ಎಂದೂ ಕೇಳುವುದಿಲ್ಲ.

"ಬಂದ್ರಾ?"

"ಬಂದ," ಎನ್ನುತ್ತಾರೆ ಕೂಗಕ್ಕ, ಹೆಲ್ಮೆಟ್ಟು ತೆಗೆಯುತ್ತ. "ನಮಗಿಂತ ಮುಂದೆ ಹೋದ. ನಡಿ ಅತ್ತಿಗೆ, ಮನೆಗೆ ಹೋಗೋಣ."